ಇಸ್ಪೀಟು ಕಟ್ಟಿನೊಳಗಿನ ಕೌತುಕ

ಎದುರು ಕೂತ ಜಾದೂಗಾರ ಖಾಲಿ ಕೈ ಚಾಚುತ್ತಾರೆ. "ತಗೊಳ್ಳಿ, ಇದು ಕಣ್ಣಿಗೆ ಕಾಣದ ಇಸ್ಪೀಟು ಕಟ್ಟು. ಚೆನ್ನಾಗಿ ಕಲೆಸಿ" ಎನ್ನುತ್ತಾರೆ. ನೀವು ನಗುತ್ತಾ ಗಾಳಿಯನ್ನೇ ಕಲೆಸುತ್ತೀರಿ. "ಈಗ ಒಂದು ಎಲೆ ಎಳೆಯಿರಿ. ನೋಡಿಕೊಂಡು, ಉಲ್ಟಾ ಮಾಡಿ, ಮತ್ತೆ ಕಟ್ಟಿನೊಳಗೆ ಸೇರಿಸಿ." ಅದನ್ನೂ ಮಾಡುತ್ತೀರಿ. "ಯಾವ ಎಲೆ ಅದು?" ಬಾಯಿಗೆ ಬಂದದ್ದನ್ನು ಹೇಳುತ್ತೀರಿ: "ಇಸ್ಪೀಟಿನ ಒಂಬತ್ತು." ಮೊದಲಿನಿಂದಲೂ ಮೇಜಿನ ಮೇಲೇ ಇದ್ದ ನಿಜವಾದ ಪ್ಯಾಕು ಈಗ ತೆರೆಯುತ್ತದೆ. ಜಾದೂಗಾರ ಎಲೆಗಳನ್ನು ಹರವುತ್ತಾ ಹೋಗುತ್ತಾರೆ. ಎಲ್ಲವೂ ಮುಖ ಮೇಲಾಗಿವೆ, ಒಂದೇ ಒಂದು ಎಲೆ ಮಾತ್ರ ಬೆನ್ನು ತೋರಿಸುತ್ತಿದೆ. ಅದನ್ನು ತಿರುಗಿಸಿದರೆ ಇಸ್ಪೀಟಿನ ಒಂಬತ್ತು!

ಯಾರೂ ಹೇಳಿಕೊಟ್ಟಿರಲಿಲ್ಲ. ಐವತ್ತೆರಡರಲ್ಲಿ ಯಾವುದನ್ನು ಬೇಕಾದರೂ ಹೇಳಬಹುದಿತ್ತು. ಆಟೀನ್ ರಾಣಿ ಎಂದಿದ್ದರೆ ಆಟೀನ್ ರಾಣಿಯೇ ಬೆನ್ನು ತೋರಿಸುತ್ತಿತ್ತು, ಕಳಾವರ್ ಮೂರು ಎಂದಿದ್ದರೆ ಕಳಾವರ್ ಮೂರು. ಜಾದೂಗಾರನ ಕೈಚಳಕ ಇದರಲ್ಲಿ ಎಳ್ಳಷ್ಟೇ. ಕೆಲಸವೆಲ್ಲ ನಡೆಯುವುದು ಆ ಕಟ್ಟಿನಲ್ಲಿ. ಅಂಗಡಿಯಲ್ಲಿ ಕೊಳ್ಳಲು ಸಿಗುವ, ಅಂಗಿ ಜೇಬಿನಲ್ಲಿ ಹಿಡಿಸುವ, ಕಾಗದದಲ್ಲಿ ಮಾಡಿದ ಕಟ್ಟು!

ಇಂಥ ಕಟ್ಟುಗಳ ಒಳಹೊಕ್ಕು ನೋಡಿದವರಿಗೆ ಒಂದರ ಹಿಂದೊಂದು ಅಚ್ಚರಿ ಕಾದಿದೆ. ಎಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ ಒಂದು ಇಡೀ ಆಟವನ್ನೇ ಕಟ್ಟಿದವರಿದ್ದಾರೆ. ಬೆನ್ನಿಗೆ ಒಂದಿಷ್ಟು ದ್ರಾವಣ ಸವರಿ ಮನಸ್ಸು ಓದುವ ಭ್ರಮೆ ಹುಟ್ಟಿಸಿದವರಿದ್ದಾರೆ. ಏನನ್ನೂ ಕತ್ತರಿಸದೆ, ಏನನ್ನೂ ಸವರದೆ, ಬರೀ ಲೆಕ್ಕದಿಂದಲೇ ಜಾದೂ ಮಾಡಿದವರೂ ಇದ್ದಾರೆ. ವೇದಿಕೆಯ ಜಾದೂ ದೂರದಿಂದ ನೋಡುವಂಥದ್ದು. ಇದು ಹಾಗಲ್ಲ, ಎರಡಡಿ ದೂರದಲ್ಲಿ, ನೋಡುವವರ ಕೈಯಲ್ಲೇ ನಡೆಯುವಂಥದ್ದು. ಅವರು ಎಲೆ ಎಳೆಯುತ್ತಾರೆ, ಕಲೆಸುತ್ತಾರೆ, ಕಟ್ಟನ್ನು ಕಿತ್ತುಕೊಂಡು ನೋಡುವುದೂ ಉಂಟು. ಹಾಗಾದರೆ ಇಂಥ ಆಟಕ್ಕೆ ಯಾವ ಕಟ್ಟನ್ನು ಆರಿಸಬೇಕು? ಉತ್ತರ ಹುಡುಕುತ್ತಾ ಹೋದಂತೆ ಒಂದು ಸಂಗತಿ ಗಟ್ಟಿಯಾಗುತ್ತದೆ: ಕಟ್ಟಿನ ಗುಟ್ಟು ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಎದುರಿನವರ ಕೈಗೆ ಅದು ಎಷ್ಟು ಕೆಲಸ ಕೊಡುತ್ತದೆ ಎಂಬುದೇ ದೊಡ್ಡದು.

ಗಿಡ್ಡ ಎಲೆಯ ಸಾಹಸ

ಜಾದೂ ಕಟ್ಟುಗಳಲ್ಲಿ ಅತ್ಯಂತ ಹೆಸರುವಾಸಿ ಸ್ವೆಂಗಾಲಿ. ಜಾರ್ಜ್ ಡು ಮೋರಿಯೆ 1894ರಲ್ಲಿ ಬರೆದ 'ಟ್ರಿಲ್ಬಿ' ಕಾದಂಬರಿಯಲ್ಲಿ ಬರುವ ವಶೀಕರಣಗಾರನ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಅಮೆರಿಕದ ಬರ್ಲಿಂಗ್ ಹಲ್ ಎಂಬ ಜಾದೂಗಾರ 20ನೇ ಶತಮಾನದ ಆರಂಭದಲ್ಲಿ ಇದನ್ನು ತಾನೇ ಕಂಡುಹಿಡಿದೆ ಎಂದು ಹೇಳಿಕೊಂಡಿದ್ದರು. ಅದೇ ಶತಮಾನದ ಉತ್ತರಾರ್ಧದಲ್ಲಿ ಶಿಕಾಗೋದ ಮಾರ್ಷಲ್ ಬ್ರೋಡಿನ್ ಇದನ್ನೇ 'ಟಿವಿ ಮ್ಯಾಜಿಕ್ ಕಾರ್ಡ್ಸ್' ಎಂದು ಟಿವಿ ಜಾಹೀರಾತಿನಲ್ಲಿ ಮಾರಿ ಅಮೆರಿಕದ ಮನೆಮನೆಗೆ ಮುಟ್ಟಿಸಿದರು.

ಕಟ್ಟನ್ನು ಬಿಚ್ಚಿ ನೋಡಿದರೆ ಬೆರಗು. 52 ಎಲೆಗಳಲ್ಲಿ 26 ಮಾತ್ರ ಬೇರೆ ಬೇರೆ. ಉಳಿದ 26ಕ್ಕೆ 26ರೂ ಒಂದೇ ಎಲೆ! ಇಸ್ಪೀಟಿನ ಎಂಟು ಎಂದಿಟ್ಟುಕೊಳ್ಳಿ, ಅಂಥವೇ ಇಪ್ಪತ್ತಾರು ಎಂಟುಗಳು. ಈ ಎಂಟುಗಳ ಉದ್ದ ಮಾತ್ರ ಮಿಕ್ಕವಕ್ಕಿಂತ ಚೂರೇ ಚೂರು ಕಡಿಮೆ. ಗಿಡ್ಡ ಎಲೆಯ ಕೆಳಗೊಂದು ಉದ್ದ ಎಲೆ, ಅದರ ಕೆಳಗೆ ಮತ್ತೊಂದು ಗಿಡ್ಡ, ಹೀಗೆ ಜೋಡಿ ಜೋಡಿಯಾಗಿ ಕಟ್ಟನ್ನು ಕೂಡಿಸಿರುತ್ತಾರೆ. ಅಂಚನ್ನು ಬೆರಳಿಂದ ಸರ್ರನೆ ಬಿಡುತ್ತಾ ಹೋದರೆ ಬೆರಳಿಗೆ ತಾಗುವುದು ಉದ್ದ ಎಲೆ ಮಾತ್ರ. ಗಿಡ್ಡ ಎಲೆ ಪಕ್ಕದ ಉದ್ದ ಎಲೆಗೆ ಅಂಟಿಕೊಂಡಂತೆ ಒಟ್ಟಿಗೇ ಬೀಳುತ್ತದೆ. ನೋಡುವವರ ಕಣ್ಣಿಗೆ ಬರೀ ಬೇರೆ ಬೇರೆ ಎಲೆಗಳೇ ಕಾಣುತ್ತವೆ. ಆದರೆ ಅವರು "ನಿಲ್ಲಿಸಿ" ಎಂದ ಜಾಗದಲ್ಲಿ ಕೈಗೆ ಸಿಗುವುದು ಪ್ರತಿ ಸಲವೂ ಇಸ್ಪೀಟಿನ ಎಂಟು!

ಇನ್ನೂ ಸೋಜಿಗದ ಮಾತೆಂದರೆ, ಕಟ್ಟನ್ನು ಎದುರಿನವರೇ ಕಟ್ ಮಾಡಬಹುದು. ಎರಡು ತುದಿ ಹಿಡಿದು ಎತ್ತುವಾಗ ಅವರ ಬೆರಳು ಹಿಡಿಯುವುದು ಉದ್ದ ಎಲೆಯನ್ನೇ. ಎತ್ತಿದ ಭಾಗದ ತಳದಲ್ಲಿ ಉದ್ದ ಎಲೆ ಹೋಗುತ್ತದೆ, ಮೇಜಿನ ಮೇಲೆ ಉಳಿದ ಭಾಗದ ನೆತ್ತಿಯಲ್ಲಿ ಗಿಡ್ಡ ಎಲೆ ನಿಲ್ಲುತ್ತದೆ. ಆರಿಸಿದ್ದು ನಾನೇ ಎಂಬ ನಂಬಿಕೆ ಅವರದು, ಆರಿಸಿಕೊಟ್ಟದ್ದು ಕಟ್ಟು. ಕೊನೆಗೆ ಇನ್ನೊಂದು ಬಗೆಯಲ್ಲಿ ಬಿಟ್ಟು ತೋರಿಸಿದರೆ ಇಡೀ ಕಟ್ಟೇ ಇಸ್ಪೀಟಿನ ಎಂಟಾಗಿಬಿಟ್ಟಂತೆ ಕಾಣುತ್ತದೆ.

ಆದರೆ ಎದುರಿನವರ ಸ್ವಾತಂತ್ರ್ಯಕ್ಕೆ ಇಲ್ಲೊಂದು ಗೆರೆ ಇದೆ. ಅವರು ಕಟ್ ಮಾಡಬಹುದು, ನಿಲ್ಲಿಸಿ ಎನ್ನಬಹುದು. ಎಲೆಗಳನ್ನು ಮೇಜಿನ ಮೇಲೆ ಹರವಿದರೋ ಆಟ ಮುಗಿಯಿತು. ಹಾಗಾಗಿ ಸ್ವೆಂಗಾಲಿ ಒಳ್ಳೆಯ ಆರಂಭ, ಒಂದೆರಡು ನಿಮಿಷದ ಮಿಂಚು. ಅದನ್ನು ಯಾರ ಕೈಯಲ್ಲೂ ಬಿಟ್ಟಿರಲು ಆಗುವುದಿಲ್ಲ.

ಅಂಚೊಂದು ಓರೆಯಾದಾಗ

ಎದುರಿನವರು ಮನಸಾರೆ ಕಲೆಸಬೇಕು, ಮುಖ ಮೇಲೆ ಮಾಡಿ ಒಂದೊಂದೂ ನೋಡಬೇಕು, ಆದರೂ ಅವರ ಎಲೆ ಸಿಗಬೇಕು ಎನ್ನುವವರಿಗೆ ಇರುವುದು ಸ್ಟ್ರಿಪ್ಪರ್ ಡೆಕ್. ಇದರಲ್ಲಿ ಐವತ್ತೆರಡೂ ಬೇರೆ ಬೇರೆ ಎಲೆಗಳು, ಎರಡೆರಡಿಲ್ಲ, ಗುರುತಿಲ್ಲ, ಅಂಟಿಲ್ಲ. ಪ್ರತಿ ಎಲೆಯ ಒಂದು ತುದಿ ಇನ್ನೊಂದು ತುದಿಗಿಂತ ಕಣ್ಣಿಗೆ ಕಾಣದಷ್ಟು ಕಿರಿದು, ಅಷ್ಟೇ.

ಎಲ್ಲ ಎಲೆಗಳ ಕಿರಿದು ತುದಿಯೂ ಒಂದೇ ಕಡೆ ಇರುವಾಗ ಅಂಚು ನುಣ್ಣಗಿರುತ್ತದೆ. ಎದುರಿನವರು ಒಂದು ಎಲೆ ಎಳೆದು ನೋಡುತ್ತಿರುವಾಗ ಜಾದೂಗಾರ ಸದ್ದಿಲ್ಲದೆ ಕೈಯಲ್ಲಿರುವ ಕಟ್ಟನ್ನು ಹಿಂದುಮುಂದು ತಿರುಗಿಸುತ್ತಾರೆ. ಎಲೆ ವಾಪಸು ಬಂದು ಸೇರಿದಾಗ ಅದರ ಅಗಲವಾದ ತುದಿ ಮಿಕ್ಕ ಎಲೆಗಳ ಕಿರಿದು ತುದಿಗಳ ನಡುವೆ ಬಂದು ಕೂರುತ್ತದೆ. ಕಣ್ಣಿಗೆ ಏನೂ ತೋರದು. ಎರಡು ಬದಿಯಲ್ಲಿ ಬೆರಳು ಸವರಿದರೆ ಮಾತ್ರ ಆ ಒಂದು ಎಲೆ ಸಣ್ಣಗೆ ತಡೆಯುತ್ತದೆ. ಈಗ ಕಟ್ಟನ್ನು ಎದುರಿನವರಿಗೇ ಕೊಡಿ. ಕೈಯಲ್ಲಿ ಹಿಡಿದು ಎಷ್ಟು ಬೇಕೋ ಅಷ್ಟು ಕಲೆಸಲಿ. ತುದಿಗಳ ದಿಕ್ಕು ಬದಲಾಗದಿದ್ದರೆ ಸಾಕು. ವಾಪಸು ತೆಗೆದುಕೊಂಡು, ಬೇಕಾದರೆ ಬೆನ್ನ ಹಿಂದೆ ಹಿಡಿದು, ಬದಿಯನ್ನೊಮ್ಮೆ ಎಳೆದರೆ ಅವರ ಎಲೆ ಬೆರಳ ಸಂದಿಯಲ್ಲಿ! ನಾಲ್ಕು ಎಕ್ಕಗಳನ್ನು ಹೀಗೇ ತಿರುಗಿಸಿಟ್ಟಿದ್ದರೆ ನಾಲ್ಕೂ ಒಂದೇ ಎಳೆತಕ್ಕೆ ಹೊರಬರುತ್ತವೆ.

ಈ ಉಪಾಯ ಹುಟ್ಟಿದ್ದು ಜಾದೂಗಾರರ ಮನೆಯಲ್ಲಲ್ಲ, ಜೂಜಿನ ಅಡ್ಡೆಗಳಲ್ಲಿ. ಆಧುನಿಕ ಜಾದೂವಿನ ಪಿತಾಮಹ ಎನಿಸಿಕೊಂಡ ಫ್ರಾನ್ಸಿನ ರಾಬರ್ಟ್ ಹೂಡಿನ್ ಜೂಜುಕೋರರ ಮೋಸಗಳನ್ನು ಬಯಲಿಗೆಳೆಯಲು 1861ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಓರೆ ಅಂಚಿನ ಎಲೆಗಳು ಆ ಲೋಕದ ಹಳೆಯ ಅಸ್ತ್ರ. ಜನರ ದುಡ್ಡು ನುಂಗುತ್ತಿದ್ದ ಅದೇ ಅಸ್ತ್ರ ಜಾದೂಗಾರರ ಕೈ ಸೇರಿ ಜನರ ಮುಖದಲ್ಲಿ ಬೆರಗು ಮೂಡಿಸುವ ಸಾಧನವಾಯಿತು.

ನಮ್ಮ ಮೈಸೂರಿನ ಗಂಜೀಫಾ ನೆನಪಾಗುವುದು ಇಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ 13 ಬಗೆಯ ಎಲೆಯಾಟಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ದೊಡ್ಡ ಕಟ್ಟಿಗೆ 360 ಎಲೆ! ಗಂಜೀಫಾ ಎಲೆಗಳು ಹೆಚ್ಚಾಗಿ ದುಂಡಗಿನವು. ದುಂಡು ಎಲೆಗೆ ಹಿಂದುಮುಂದು ಎಂಬುದೇ ಇಲ್ಲ, ಹಾಗಾಗಿ ಓರೆ ಅಂಚಿನ ಉಪಾಯ ಅಲ್ಲಿ ನಡೆಯುವಂತೆಯೇ ಇಲ್ಲ. ನಾಲ್ಕು ಮೂಲೆಯ ಎಲೆಗೆ ಎರಡು ತುದಿಗಳಿವೆ ಎಂಬ ಸರಳ ಸಂಗತಿಯಿಂದಲೇ ಇಷ್ಟು ದೊಡ್ಡ ವಿದ್ಯೆ ಹುಟ್ಟಿತಲ್ಲ!

ಕಾಣದ ಕಟ್ಟಿನ ಒಳಗೆ

ಇಸ್ಪೀಟಿನ ಒಂಬತ್ತು ಬೆನ್ನು ತೋರಿಸಿದ್ದು ಹೇಗೆ? ಆ ಕಟ್ಟಿಗೆ ಇನ್ವಿಸಿಬಲ್ ಡೆಕ್ ಎಂದು ಹೆಸರು. ಇದರ ಮೂಲ ಉಪಾಯ ಶಿಕಾಗೋದ ಜೋ ಬರ್ಗ್ ಅವರದು, 1930ರ ದಶಕದ್ದು. ಆಗ ಅದರ ಹೆಸರು ಅಲ್ಟ್ರಾ ಮೆಂಟಲ್ ಡೆಕ್. ಗಾಳಿಯಲ್ಲಿ ಕಾಣದ ಎಲೆ ಕಲೆಸುವ ಆ ಸೊಗಸಾದ ಆಟವನ್ನು ಎಡ್ಡಿ ಫೀಲ್ಡ್ಸ್ ರೂಪಿಸಿದರು, ಡಾನ್ ಅಲನ್ ಜನಪ್ರಿಯಗೊಳಿಸಿದರು.

ಇದರಲ್ಲಿ ಎಲೆಗಳು ಎರಡೆರಡಾಗಿ, ಬೆನ್ನಿಗೆ ಬೆನ್ನು ತಾಗಿಸಿ ಕೂತಿರುತ್ತವೆ. ಬೆನ್ನಿಗೆ ಒಂದು ದ್ರಾವಣ ಸವರಿ ತುಸು ಒರಟು ಮಾಡಿರುತ್ತಾರೆ. ಒರಟು ಒರಟಿಗೆ ತಾಗಿದಾಗ ಎರಡೂ ಒಂದೇ ಎಲೆಯಂತೆ ಸಾಗುತ್ತವೆ. ನುಣುಪು ನುಣುಪಿಗೆ ತಾಗಿದಾಗ ಜಾರುತ್ತವೆ. ಹೀಗಾಗಿ ಹರವಿದಾಗ ಕಾಣುವುದು ಬರೀ 26 ಮುಖಗಳು. ಅಷ್ಟೇ ಎಲೆ ಕಾಣುತ್ತಿದೆಯಲ್ಲ ಎಂದು ಎಣಿಸುವ ಯೋಚನೆ ಯಾರ ತಲೆಗೂ ಬರುವುದಿಲ್ಲ!

ಜೋಡಿಗಳ ಲೆಕ್ಕವಂತೂ ಇನ್ನೂ ಚೆಂದ. ಎರಡು ಎಲೆಗಳ ಮೊತ್ತ ಯಾವಾಗಲೂ 13. ಎಕ್ಕಕ್ಕೆ ರಾಣಿ, ಎರಡಕ್ಕೆ ಗುಲಾಮ, ಮೂರಕ್ಕೆ ಹತ್ತು, ನಾಲ್ಕಕ್ಕೆ ಒಂಬತ್ತು, ಐದಕ್ಕೆ ಎಂಟು, ಆರಕ್ಕೆ ಏಳು, ರಾಜನಿಗೆ ರಾಜನೇ. ಇಸ್ಪೀಟಿಗೆ ಆಟೀನು ಜೊತೆ, ಕಳಾವರಿಗೆ ಡೈಮನ್ ಜೊತೆ. ಕಟ್ಟಿನ ಒಂದು ಬದಿಯಲ್ಲಿ ಸಮ ಸಂಖ್ಯೆಗಳು ಮುಖ ಮಾಡಿರುತ್ತವೆ, ಇನ್ನೊಂದು ಬದಿಯಲ್ಲಿ ಬೆಸ ಸಂಖ್ಯೆಗಳು. ನೀವು "ಇಸ್ಪೀಟಿನ ಒಂಬತ್ತು" ಎಂದ ಕೂಡಲೇ ಜಾದೂಗಾರ ಸಮ ಸಂಖ್ಯೆಯ ಬದಿ ಮೇಲೆ ಬರುವಂತೆ ಕಟ್ಟನ್ನು ತೆಗೆಯುತ್ತಾರೆ. ಹರವುತ್ತಾ ಹೋಗಿ ಆಟೀನ್ ನಾಲ್ಕು ಬಂದಾಗ ಬೆರಳನ್ನು ಕೊಂಚ ಒತ್ತುತ್ತಾರೆ. ಅದರ ಹಿಂದೆ ಅಡಗಿದ್ದ ಎಲೆ ಸರಿದು ಬೆನ್ನು ತೋರಿಸುತ್ತದೆ. ಅದುವೇ ಒಂಬತ್ತು!

ಕಟ್ಟಿಗೆ ಮುಂಚೆಯೇ ಏನೂ ಗೊತ್ತಿರಲಿಲ್ಲ. ನೀವು ಹೆಸರು ಹೇಳಿದ ಮೇಲೆ ಉತ್ತರ ತಯಾರಾಯಿತು. ನೋಡುವವರ ನೆನಪಿನಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಎಲೆ ಮೊದಲೇ ತಿರುಗಿತ್ತು, ನಾನು ಆಮೇಲೆ ಹೇಳಿದೆ ಎಂದೇ ಅವರು ಮನೆಗೆ ಹೋಗಿ ಹೇಳುತ್ತಾರೆ. ಕೆನಡಾದಲ್ಲಿ ಹುಟ್ಟಿದ ಮಹಾನ್ ಜಾದೂಗಾರ ಡಾಯ್ ವರ್ನನ್ ಅವರ ಬ್ರೇನ್‌ವೇವ್ ಡೆಕ್ ಇದೇ ಒರಟು–ನುಣುಪಿನ ತತ್ತ್ವದ್ದು. ಅದರಲ್ಲಿ ಹೇಳಿದ ಎಲೆ ಉಲ್ಟಾ ಆಗಿರುವುದಷ್ಟೇ ಅಲ್ಲ, ಅದರ ಬೆನ್ನಿನ ಬಣ್ಣವೂ ಬೇರೆ!

ಮತ್ತೆ ಜೋಡಿಸುವ ಕೆಲಸ ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಎಲೆಯನ್ನು ಜಾಗಕ್ಕೆ ಸೇರಿಸಿದರೆ ಮುಂದಿನ ಮೇಜಿಗೆ ಕಟ್ಟು ಸಿದ್ಧ. ಎದುರಿನವರು ಮುಟ್ಟುವುದು ಒಂದೇ ಎಲೆಯನ್ನಾದರೂ, ಇಡೀ ಆಟ ನಡೆಸಿದವರು ತಾವೇ ಎಂಬ ಖುಷಿ ಅವರದು. ಮಕ್ಕಳಿಗೂ ಅಜ್ಜಿಯರಿಗೂ ಇದು ಒಂದೇ ಸಮನೆ ಹಿಡಿಸುತ್ತದೆ, ಏಕೆಂದರೆ ಗಾಳಿಯನ್ನು ಕಲೆಸಲು ಯಾರಿಗೂ ಕಲಿಕೆ ಬೇಡ.

ಗುರುತಿನ ಕಟ್ಟು

ಬೆನ್ನಿನ ಚಿತ್ತಾರದಲ್ಲೇ ಎಲೆಯ ಹೆಸರನ್ನು ಅಡಗಿಸಿಟ್ಟ ಕಟ್ಟುಗಳೂ ಉಂಟು. ಇವುಗಳ ಬಲ ಏನೆಂದರೆ, ಕಟ್ಟು ಕೊನೆಯವರೆಗೂ ಎದುರಿನವರ ಕೈಯಲ್ಲೇ ಇರಬಹುದು. ಅವರೇ ಕಲೆಸಿ, ಅವರೇ ಎಳೆದು, ಎದೆಗೆ ಒತ್ತಿ ಹಿಡಿಯಲಿ, ಜಾದೂಗಾರರಿಗೆ ಅರೆಕ್ಷಣ ಬೆನ್ನು ಕಂಡರೆ ಸಾಕು. ಆರಿಸುವಾಗ ನೋಡಬೇಕಾದದ್ದು ಎರಡು. ಗುರುತನ್ನು ಕತ್ತು ಬಗ್ಗಿಸದೆ ಓದಲು ಆಗಬೇಕು. ಕಟ್ಟಿನ ಬೆನ್ನುಗಳನ್ನು ಸರ್ರನೆ ಬಿಟ್ಟು ನೋಡಿದಾಗ ಗುರುತು ಕುಣಿಯಬಾರದು. ಅನುಮಾನ ಬಂದವರು ಮೊದಲು ಮಾಡುವ ಪರೀಕ್ಷೆ ಇದೇ. ಅಪ್ಪಟ ಕಟ್ಟಿನಲ್ಲಿ ಚಿತ್ತಾರ ಕದಲದೆ ನಿಲ್ಲುತ್ತದೆ, ಕಳಪೆ ಗುರುತಿನ ಕಟ್ಟಿನಲ್ಲಿ ಗೆರೆಗಳು ಮಿಣಮಿಣ ಓಡಾಡುತ್ತವೆ.

ಲೆಕ್ಕವೇ ಜಾದೂ

ಇನ್ನು ಮುಂದಿನದಂತೂ ನಂಬಲಾಗದಷ್ಟು ಸುಂದರ. ಅಂಚು ಕತ್ತರಿಸಬೇಡಿ, ಬೆನ್ನು ಸವರಬೇಡಿ, ಗುರುತು ಹಾಕಬೇಡಿ. ಮನೆಯಲ್ಲಿರುವ ರಮ್ಮಿ ಕಟ್ಟನ್ನೇ ತೆಗೆದುಕೊಂಡು ಹೀಗೆ ಜೋಡಿಸಿ: ಕಳಾವರ್ ಎಕ್ಕ, ಆಟೀನ್ ನಾಲ್ಕು, ಇಸ್ಪೀಟಿನ ಏಳು, ಡೈಮನ್ ಹತ್ತು, ಕಳಾವರ್ ರಾಜ, ಆಟೀನ್ ಮೂರು, ಇಸ್ಪೀಟಿನ ಆರು, ಡೈಮನ್ ಒಂಬತ್ತು, ಕಳಾವರ್ ರಾಣಿ... ಪ್ರತಿ ಸಲ ಮೂರು ಕೂಡಿಸುತ್ತಾ, ಬಣ್ಣವನ್ನು ಕಳಾವರ್–ಆಟೀನ್–ಇಸ್ಪೀಟು–ಡೈಮನ್ ಎಂದು ಸರದಿಯಂತೆ ಬದಲಿಸುತ್ತಾ ಹೋಗಿ. ಮೊತ್ತ 13 ದಾಟಿದರೆ 13 ಕಳೆಯಿರಿ. ಐವತ್ತೆರಡನೆಯ ಎಲೆ ಇಟ್ಟ ಮೇಲೆ ಲೆಕ್ಕ ಮತ್ತೆ ಕಳಾವರ್ ಎಕ್ಕಕ್ಕೇ ಬಂದು ನಿಲ್ಲುತ್ತದೆ. ಬಳೆಯ ಹಾಗೆ, ಇದಕ್ಕೆ ತುದಿ ಮೊದಲಿಲ್ಲ!

ನೋಡುವವರಿಗೆ ಎಲೆಗಳು ಚೆನ್ನಾಗಿ ಕಲೆತಂತೆಯೇ ಕಾಣುತ್ತವೆ. ಎಷ್ಟು ಸಲ ಕಟ್ ಮಾಡಿದರೂ ಸರದಿ ಕೆಡುವುದಿಲ್ಲ. ಕಟ್ಟನ್ನು ಹರವಿ ಎದುರಿನವರು ಎಲ್ಲಿಂದ ಬೇಕಾದರೂ ಒಂದು ಎಲೆ ಎಳೆಯಲಿ, ಆ ಜಾಗದಲ್ಲೇ ಕಟ್ ಮಾಡಿ, ತಳದ ಎಲೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಅದು ಆಟೀನ್ ಮೂರಾದರೆ ಅವರ ಕೈಯಲ್ಲಿರುವುದು ಇಸ್ಪೀಟಿನ ಆರು. ಮೂರು ಕೂಡಿಸಿ, ಮುಂದಿನ ಬಣ್ಣ ಹೇಳಿ, ಮುಗಿಯಿತು. ಇನ್ನೂ ಒಂದು ಸೋಜಿಗ ನೋಡಿ: ಯಾವುದೇ ಎಲೆಯಿಂದ ಹದಿಮೂರು ಎಣಿಸಿದರೆ ಅದೇ ಸಂಖ್ಯೆಯ ಮುಂದಿನ ಬಣ್ಣದ ಎಲೆ ಸಿಗುತ್ತದೆ.

ಈ ಜೋಡಣೆಗೆ ಸೈ ಸ್ಟೆಬಿನ್ಸ್ ಎಂಬ ಅಮೆರಿಕನ್ ಪ್ರದರ್ಶನಕಾರನ ಹೆಸರು ಅಂಟಿಕೊಂಡಿದೆ. ಆದರೆ ಇಂಥದೇ ಲೆಕ್ಕದ ಜೋಡಣೆ 1593ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಹೊರೇಷಿಯೋ ಗಲಾಸೋನ ಪುಸ್ತಕದಲ್ಲೇ ಇದೆ. ನಾನೂರು ವರ್ಷಕ್ಕೂ ಹಿಂದಿನ ಗುಟ್ಟು ಇವತ್ತಿಗೂ ಹೊಚ್ಚಹೊಸದಾಗಿ ಕೆಲಸ ಮಾಡುತ್ತಿದೆ!

ಕಟ್ ಮಾಡಿದರೆ ಸರಿ, ಕಲೆಸಿದರೆ? ಸರದಿ ಕೆಟ್ಟುಹೋಗುತ್ತದೆ ಎಂದು ನೀವು ಹೇಳಬಹುದು. ಇಲ್ಲಿಯೇ 1958ರಲ್ಲಿ ನಾರ್ಮನ್ ಗಿಲ್‌ಬ್ರೆತ್ ಎಂಬ ಅಮೆರಿಕನ್ ಬೆಳಕಿಗೆ ತಂದ ತತ್ತ್ವ ಎದೆ ಝಲ್ಲೆನ್ನಿಸುತ್ತದೆ. ಕಟ್ಟನ್ನು ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಜೋಡಿಸಿ. ಎದುರಿನವರು ಮೇಲಿಂದ ಒಂದೊಂದೇ ಎಲೆಯನ್ನು ಮೇಜಿಗೆ ಹಾಕುತ್ತಾ, ಅರ್ಧದ ಆಸುಪಾಸಿನಲ್ಲಿ ಇಷ್ಟ ಬಂದ ಕಡೆ ನಿಲ್ಲಿಸಲಿ. ಈಗ ಎರಡು ಗುಡ್ಡೆಗಳ ಮೂಲೆಗಳನ್ನು ಹೆಬ್ಬೆರಳಿನಿಂದ ಬಿಡುತ್ತಾ, ಎಷ್ಟು ಅಡ್ಡಾದಿಡ್ಡಿಯಾದರೂ ಸರಿ, ಒಮ್ಮೆ ಒಂದರೊಳಗೊಂದು ಸೇರಿಸಲಿ. ಆಮೇಲೆ ಮೇಲಿಂದ ಎರಡೆರಡು ಎಲೆ ತೆಗೆಯಿರಿ. ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು. ಇಪ್ಪತ್ತಾರು ಜೋಡಿಯೂ ಹಾಗೆಯೇ!

ಕಾರಣ ಕೈಯಲ್ಲೇ ಇದೆ. ಮೇಜಿಗೆ ಹಾಕುವಾಗ ಒಂದು ಗುಡ್ಡೆಯ ಸರದಿ ತಿರುವುಮುರುವಾಗುತ್ತದೆ, ಆಗ ಎರಡೂ ಗುಡ್ಡೆಗಳ ತಳದಲ್ಲಿ ಬೇರೆ ಬೇರೆ ಬಣ್ಣ ಇರುತ್ತದೆ. ಮೊದಲು ಕೆಂಪು ಬಿತ್ತು ಎನ್ನಿ. ಆಗ ಆ ಗುಡ್ಡೆಯ ತಳಕ್ಕೆ ಕಪ್ಪು ಬರುತ್ತದೆ, ಇನ್ನೊಂದರ ತಳದಲ್ಲಿ ಮೊದಲೇ ಕಪ್ಪಿದೆ. ಮುಂದಿನ ಎಲೆ ಯಾವ ಕಡೆಯಿಂದ ಬಿದ್ದರೂ ಕಪ್ಪೇ. ಅದು ಬಿದ್ದ ಮೇಲೆ ಎರಡೂ ತಳಗಳಲ್ಲಿ ಮತ್ತೆ ಬೇರೆ ಬೇರೆ ಬಣ್ಣ. ಹೀಗೆ ಕೊನೆಯವರೆಗೆ. ಕಲೆಸಿದವರ ಕೈ ಎಷ್ಟು ಸ್ವತಂತ್ರವೋ ಫಲ ಅಷ್ಟೇ ಖಚಿತ! ನೆನಪಿಡಬೇಕಾದ್ದು ಒಂದೇ. ನಮ್ಮ ಮನೆಗಳಲ್ಲಿ ಎಲೆಗಳನ್ನು ಕೈಯಲ್ಲಿ ಹಿಡಿದು ತುಂಡು ತುಂಡಾಗಿ ಮೇಲೆ ಕೆಳಗೆ ಹಾಕುತ್ತಾ ಕಲೆಸುವ ರೂಢಿಯಿದೆ. ಆ ಬಗೆಯಲ್ಲಿ ಕಲೆಸಿದರೆ ಈ ತತ್ತ್ವ ನಿಲ್ಲುವುದಿಲ್ಲ. ಎದುರಿನವರು ಹೇಗೆ ಕಲೆಸುತ್ತಾರೆ ಎಂದು ನೋಡಿಕೊಂಡೇ ಕಟ್ಟನ್ನು ಆರಿಸಬೇಕು.

ಈ ದಾರಿಯಲ್ಲಿ ಇನ್ನೂ ಮುಂದೆ ಹೋದವರು ಪರ್ಸಿ ಡಯಾಕೊನಿಸ್. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಡಾಯ್ ವರ್ನನ್ ಅವರ ಹಿಂದೆ ಊರೂರು ಸುತ್ತಿದ ಹುಡುಗ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಮೂಲೆ ಬಿಟ್ಟು ಸೇರಿಸುವ ಬಗೆಯಲ್ಲಿ ಕಟ್ಟು ಚೆನ್ನಾಗಿ ಕಲೆಯಲು ಸುಮಾರು ಏಳು ಸಲ ಬೇಕು ಎಂದು 1992ರಲ್ಲಿ ಡೇವ್ ಬೇಯರ್ ಜೊತೆ ತೋರಿಸಿಕೊಟ್ಟರು. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ಬರೆಯಲು 8ರ ಮುಂದೆ 67 ಸೊನ್ನೆಗಳಷ್ಟು ಜಾಗ ಬೇಕು. ನೀವು ಇವತ್ತು ಚೆನ್ನಾಗಿ ಕಲೆಸಿದ ಕಟ್ಟಿನ ಸರದಿ ಭೂಮಿಯ ಮೇಲೆ ಹಿಂದೆಂದೂ ಬಂದಿರಲಾರದು! ಆದರೆ ಕಟ್ಟನ್ನು ಸರಿಯಾಗಿ ಅರ್ಧ ಮಾಡಿ, ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ಎಂದು ಕರಾರುವಾಕ್ಕಾಗಿ ಹೆಣೆದು, ಮೇಲಿನ ಎಲೆ ಮೇಲೇ ಉಳಿಯುವಂತೆ ಎಂಟು ಸಲ ಕಲೆಸಿದರೆ ಕಟ್ಟು ಮೊದಲಿದ್ದ ಸ್ಥಿತಿಗೇ ಮರಳುತ್ತದೆ.

ಮನಸ್ಸೆಂಬ ಐವತ್ತಮೂರನೆಯ ಎಲೆ

ಕಟ್ಟು ಎಷ್ಟೇ ಜಾಣವಾದರೂ ಆಟ ಕೊನೆಗೆ ನಡೆಯುವುದು ನೋಡುವವರ ತಲೆಯಲ್ಲಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇ ಓಲ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜಾದೂಗಾರ ಕಟ್ಟನ್ನು ಸರ್ರನೆ ಬಿಡುತ್ತಾ ಒಂದು ಎಲೆಯನ್ನು ಮಾತ್ರ ಕ್ಷಣ ಹೆಚ್ಚು ಹೊತ್ತು ತೋರಿಸುತ್ತಿದ್ದರು. 105 ಜನರಲ್ಲಿ 103 ಮಂದಿ ಅದೇ ಎಲೆಯನ್ನು ಆರಿಸಿದರು. ಆಯ್ಕೆ ತಮ್ಮದೇ ಎಂದು ಬಹುಪಾಲು ಜನ ನಂಬಿದ್ದರು.

ಜಾದೂಗಾರರ ತಲೆಯೂ ಇದಕ್ಕೆ ಹೊರತಲ್ಲ. 1922ರಲ್ಲಿ ಶಿಕಾಗೋದಲ್ಲಿ ಡಾಯ್ ವರ್ನನ್ ಜಾದೂ ಲೋಕದ ದಿಗ್ಗಜ, ಸಾಕ್ಷಾತ್ ಹೂಡಿನಿಯ ಎದುರು ಎಲೆ ಹಿಡಿದು ನಿಂತರು. ಮೂರು ಸಲ ನೋಡಿದರೆ ಯಾವ ಜಾದೂವಿನ ಗುಟ್ಟನ್ನಾದರೂ ಹಿಡಿಯಬಲ್ಲೆ ಎಂಬುದು ಹೂಡಿನಿಯ ಸವಾಲು. ಹೂಡಿನಿ ಸಹಿ ಹಾಕಿದ ಎಲೆ ಕಟ್ಟಿನ ಮೇಲಿಂದ ಎರಡನೆಯದಾಗಿ ಹೋಗುತ್ತಿತ್ತು, ಮರುಕ್ಷಣ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತಿತ್ತು. ವರ್ನನ್ ಮತ್ತೆ ಮತ್ತೆ ಮಾಡಿದರು, ಹೂಡಿನಿಗೆ ಗುಟ್ಟು ದಕ್ಕಲೇ ಇಲ್ಲ.

ಒಹಾಯೋದ ರಾಲ್ಫ್ ಹಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತನ್ನ ಬಳಿ ಶ್ರುತಿ ಮಾಡಿದ ಕಟ್ಟೊಂದಿದೆ, ಎಲೆಗಳ ಕಂಪನ ಕೇಳಿಯೇ ಗುರುತಿಸಬಲ್ಲೆ ಎಂದು ಹೇಳಿ ಜಾದೂಗಾರರನ್ನೇ ವರ್ಷಗಟ್ಟಲೆ ದಂಗುಬಡಿಸಿದರು. ಅವರು ಮಾಡುತ್ತಿದ್ದದ್ದು ಇಷ್ಟೇ: ಒಂದೊಂದು ಸಲವೂ ಬೇರೆ ಬೇರೆ ಹಳೆಯ ಉಪಾಯ ಬಳಸುವುದು. ಒಂದನ್ನು ಊಹಿಸಿದವರಿಗೆ ಮುಂದಿನ ಸಲದ ಆಟ ಆ ಊಹೆಯನ್ನು ಸುಳ್ಳು ಮಾಡಿ ತೋರಿಸುತ್ತಿತ್ತು. ಒಂದೇ ಗುಟ್ಟಿಗೆ ಜೋತು ಬೀಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಹಾಗಾದರೆ ಯಾವುದನ್ನು ಕೊಳ್ಳುವುದು?

ಮೊದಲು ಬೆನ್ನಿನ ಚಿತ್ತಾರ ನೋಡಿ. ಜಾದೂ ಕಟ್ಟಿಗೆ ತದ್ರೂಪವಾದ ಸಾಮಾನ್ಯ ಕಟ್ಟು ಸುಲಭವಾಗಿ ಸಿಗುವಂತಿರಬೇಕು. ಬೈಸಿಕಲ್ ರೈಡರ್ ಬ್ಯಾಕ್ ಜಾದೂಗಾರರಿಗೆ ಅಚ್ಚುಮೆಚ್ಚಾಗಿರುವುದು ಇದೇ ಕಾರಣಕ್ಕೆ. ಅಮೆರಿಕದ ಸಿನ್ಸಿನಾಟಿಯಲ್ಲಿ 1885ರಲ್ಲಿ ಶುರುವಾದ ಈ ಎಲೆಗಳ ರೈಡರ್ ಚಿತ್ತಾರ 1887ರಿಂದ ಬಳಕೆಯಲ್ಲಿದೆ, ಅದೇ ಬೆನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲ ಬಗೆಯ ಜಾದೂ ಕಟ್ಟುಗಳೂ ಸಿಗುತ್ತವೆ. ಒಂದು ಆಟ ಮುಗಿದ ಮೇಲೆ ಜಾದೂ ಕಟ್ಟು ಜೇಬಿಗೆ ಹೋಗಲಿ, ತದ್ರೂಪಿ ಕಟ್ಟು ಮೇಜಿಗೆ ಬರಲಿ. ಆಗ ಯಾರು ಎಷ್ಟು ತಡಕಿ ನೋಡಿದರೂ ಏನೂ ಸಿಗುವುದಿಲ್ಲ.

ಆಮೇಲೆ ಅಳತೆ. ಪೋಕರ್ ಅಳತೆಯ ಎಲೆ ಸುಮಾರು 63 ಮಿ.ಮೀ. ಅಗಲ, ಬ್ರಿಡ್ಜ್ ಅಳತೆಯದು ಸುಮಾರು 57. ಸಣ್ಣ ಕೈಯವರಿಗೆ, ಮಕ್ಕಳಿಗೆ ಎರಡನೆಯದು ಹಿತ. ಮಳೆಗಾಲದಲ್ಲಿ ಕಾಗದದ ಎಲೆ ತೇವ ಹೀರಿ ಬಾಗುತ್ತದೆ, ನುಣುಪು ಕಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಒರಟು–ನುಣುಪಿನ ಕಟ್ಟಿಗಂತೂ ಈ ಕಾಳಜಿ ಬೇಕೇ ಬೇಕು.

ಕೊನೆಗೆ ನಿಮ್ಮ ಎದುರು ಕೂರುವವರು ಯಾರು ಎಂದು ಕೇಳಿಕೊಳ್ಳಿ. ಹುಟ್ಟುಹಬ್ಬದ ಮಕ್ಕಳೇ? ಕಾಣದ ಕಟ್ಟು. ಮದುವೆಮನೆಯಲ್ಲಿ ಗುಂಪಿನಿಂದ ಗುಂಪಿಗೆ ಹೋಗಬೇಕೇ? ಅದೂ ಕಾಣದ ಕಟ್ಟೇ, ಇಲ್ಲವೇ ಗುರುತಿನ ಕಟ್ಟು, ಎರಡಕ್ಕೂ ಮರುಜೋಡಣೆಯ ತಲೆನೋವಿಲ್ಲ. ಅನುಮಾನದ ಕಣ್ಣಿನ ಗೆಳೆಯರೇ, ಕಟ್ಟು ಕಿತ್ತುಕೊಳ್ಳುವವರೇ? ಸ್ಟ್ರಿಪ್ಪರ್. ಲೆಕ್ಕ ಪ್ರೀತಿಸುವ ಕಾಲೇಜು ಹುಡುಗರೇ? ಗಿಲ್‌ಬ್ರೆತ್, ಅದೂ ಅವರದೇ ಕಟ್ಟಿನಲ್ಲಿ.

ಒಂದೇ ಒಂದು ಕಟ್ಟಿಗೆ ದುಡ್ಡು ಹಾಕುವುದಾದರೆ ನನ್ನ ಮತ ಸ್ಟ್ರಿಪ್ಪರ್‌ಗೆ, ಜೊತೆಗೆ ಅದೇ ಬೆನ್ನಿನ ಒಂದು ಸಾಮಾನ್ಯ ಕಟ್ಟಿಗೆ. ಎದುರಿನವರ ಕೈಗೆ ಇಷ್ಟು ಸಲೀಸಾಗಿ ಕೊಡಬಹುದಾದ, ಮುಖಗಳನ್ನೆಲ್ಲ ತೋರಿಸಬಹುದಾದ, ಆಟದ ಮೇಲೆ ಆಟ ಆಡಬಹುದಾದ ಇನ್ನೊಂದು ಜಾದೂ ಕಟ್ಟು ಇಲ್ಲ. ಎರಡನೆಯದು ಕಾಣದ ಕಟ್ಟಾಗಲಿ. ಅಂದರ್ ಬಾಹರ್ ಆಗಲಿ, ರಮ್ಮಿಯಾಗಲಿ, ದುಡ್ಡು ಕಟ್ಟಿ ಆಡುವ ಮೇಜಿನ ಹತ್ತಿರ ಈ ಕಟ್ಟುಗಳನ್ನು ಎಂದೂ ಒಯ್ಯಬೇಡಿ. ಅಲ್ಲಿ ಇದು ಶುದ್ಧ ಮೋಸ. ನಿಮ್ಮ ಎದುರು ಕೂತವರು ಗುಟ್ಟು ಹೇಳಿ ಎಂದು ಎಷ್ಟು ಗೋಗರೆದರೂ ಹೇಳಬೇಡಿ, ಅವರಿಗೆ ಸಿಕ್ಕ ಬೆರಗು ಅವರ ಬಳಿಯೇ ಉಳಿಯಲಿ. ತಾವೂ ಕಲಿಯಬೇಕು ಎಂದು ಪಟ್ಟು ಹಿಡಿದು ಬಂದವರಿಗೆ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕಟ್ಟು ಕೈಗೆ ಕೊಟ್ಟು, ಮೊದಲಿನಿಂದ ಕಲಿಸಿ.